ಅಂಟು ಕಚ್ಚುವವರೆಗೆ

ಅಲೆಯೆಬ್ಬಿಸುವ ಮೋಟಾರು ಆರಿಸಿದೆ.
ಲಿಂಗರಾಜಪುರದ ಎರಡನೇ ಮಹಡಿಯಲ್ಲಿ
ಸಮುದ್ರ ಒಮ್ಮೆಗೇ ಸುಮ್ಮನಾಯಿತು.
ಕೆಳಗೆ ಗುಜರಿಯವನ ಕೂಗು,
ಮೇಲೆ ಸಿಂಟೆಕ್ಸು ತುಂಬಿ ಸುರಿವ ಕಾವೇರಿ,
ನಡುವೆ ನಾನು, ಮೊಣಕೈವರೆಗೆ ಉಪ್ಪುನೀರಲ್ಲಿ.

ತುಣುಕು ಕೊಟ್ಟವರು ಕುಕ್ ಟೌನಿನ ಡೆನ್ಜಿಲ್ ಅಂಕಲ್.
ಕಿರುಬೆರಳುದ್ದ. ಕವರಿನಲ್ಲಿ ನೀರು ಕಟ್ಟಿ
ಕೊತ್ತಂಬರಿ ಕಟ್ಟು ಕೊಟ್ಟಷ್ಟೇ ಸಲೀಸಾಗಿ.
"ಇದರಮ್ಮ, ಇದರಜ್ಜಿ, ಎಲ್ಲ ನಮ್ಮನೆ ತೊಟ್ಟೀಲೇ ಹುಟ್ಟಿದ್ದು,
ಕಡಲಿನ ಮುಖ ಕಂಡಿಲ್ಲ, ಪಕ್ಕಾ ಬೆಂಗಳೂರು.
ಬುಡ ಒರೆಸಿ, ಒಣಗಿಸಿ, ಆಮೇಲೆ ಅಂಟು.
ಅವಸರ ಮಾಡಿದರೆ ಬೀಳತ್ತೆ. ನಿಮಗೆ ಹೇಳಬೇಕಾ?"

ನನಗೆ ಹೇಳಬೇಕಿಲ್ಲ.
ಹದಿನಾರು ವರ್ಷದಿಂದ ನನ್ನ ಕಸುಬು
ಇನ್ನೊಬ್ಬರ ಬಾಯಿಗೆ ಹಲ್ಲು ಮಾಡುವುದು.
ಬಾಯಿ ಕಾಣುವುದಿಲ್ಲ; ಅಚ್ಚು ಬರುತ್ತದೆ,
ಚೀಟಿಯಲ್ಲಿ ಬಣ್ಣದ ನಂಬರು, ಹೆಸರೂ ಇಲ್ಲ.
ಮೇಣ ಕೆತ್ತಿ, ಉಜ್ಜಿ, ಹೊಳಪು ಕೊಟ್ಟು
ಡಬ್ಬಿಗೆ ಹಾಕಿ ಕಳಿಸುತ್ತೇನೆ. ಆಮೇಲೆ
ಯಾರೋ ಎಲ್ಲೋ ಚಕ್ಕುಲಿ ಮುರಿಯುತ್ತಾರೆ.

ಈ ಕಡಲು ನಾನೇ ಕದಡಿದ್ದು.
ವಾರಕ್ಕೆರಡು ದಿನ ಬರುವ ನೀರನ್ನು ಸೋಸಿ,
ಲೀಟರಿಗಿಷ್ಟೆಂದು ಉಪ್ಪು ತೂಗಿ,
ಬಕೆಟ್ಟಿನಲ್ಲಿ ರಾತ್ರಿಯಿಡೀ ತಿರುವಿ.
ಕರೆಂಟು ಹೋದರೆ ಯುಪಿಎಸ್ಸಿನ ಪಾಲು ಇದಕ್ಕೇ,
ಸೆಕೆಗೆ ನಾವು ತಾರಸಿಗೆ ಹೋಗುತ್ತೇವೆ.

ಕಲ್ಲಿನ ಪಾಚಿಯನ್ನು ಹಳೇ ಬ್ರಶ್ಶಿನಲ್ಲಿ ತಿಕ್ಕಿದೆ.
ತುಣುಕಿನ ಬುಡಕ್ಕೆ ಜೆಲ್ಲಿನ ಒಂದು ಬೊಟ್ಟು,
ಅದರ ಕೆಳಗೆ ಎಪಾಕ್ಸಿ (ಬಿಳಿಯದೊಂದು, ಬೂದಿಯದೊಂದು ಬಿಲ್ಲೆ
ಸೇರಿಸಿ ಒಬ್ಬಟ್ಟಿನ ಕಣಕದ ಹದಕ್ಕೆ ನಾದಿದ್ದು),
ಅದರ ಕೆಳಗೆ ಮತ್ತೊಂದು ಬೊಟ್ಟು.
ನೀರು ತಾಕಿದ್ದೇ ಅಂಟು ಕೆನೆಗಟ್ಟುತ್ತದೆ.
ಆ ಕೆನೆ ಒಡೆಯಬೇಕು: ಒತ್ತಿ, ಕಾಲು ಸುತ್ತು ತಿರುಗಿಸಿ,
ಹಿಡಿದು ನಿಲ್ಲಬೇಕು.
ಎಷ್ಟು ಹೊತ್ತು?
ಒಲೆಯ ಮೇಲೆ ಒಗ್ಗರಣೆ ಸೀದರೂ ಬಿಡಬಾರದಷ್ಟು.

ಈ ಮನೆಯ ಕರಾರುಪತ್ರ, ಏಳನೇ ಕಲಮು:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಮಾವನ ಫೋಟೋ ಬೀರುವಿನ ಮೇಲೆ ಒರಗಿಯೇ ಇದೆ
ಹನ್ನೊಂದು ತಿಂಗಳ ಮೇಲೆ ಹನ್ನೊಂದು ತಿಂಗಳು.
ಕಲ್ಲಿನ ಬಗ್ಗೆ ಕರಾರಿನಲ್ಲಿ ಏನೂ ಇಲ್ಲ.

ಮೊದಲ ಸಲ ಬಿತ್ತು.
ರಾತ್ರಿ ಬಸವನಹುಳು ತನ್ನ ಪಾಡಿಗೆ ತಾನು ಬಂದು
ಹೆಗಲು ತಾಗಿಸಿ ಹೋಗಿತ್ತು; ಬೆಳಗ್ಗೆ
ತುಣುಕು ಮರಳಲ್ಲಿ ಬೋರಲು.
ಎರಡನೇ ಸಲ ಕಲ್ಲಿಗಂಟುವ ಬದಲು
ನನ್ನ ಹೆಬ್ಬೆರಳಿಗೇ ಅಂಟಿ ಬಂತು.
ಮರುದಿನ ಲ್ಯಾಬಿನ ಹಾಜರಿ ಯಂತ್ರಕ್ಕೆ
ನನ್ನ ಗುರುತು ಹತ್ತಲಿಲ್ಲ. ಮತ್ತೆ ಒತ್ತಿ, ಮತ್ತೆ ಒತ್ತಿ.
ಚರ್ಮ ಸುಲಿಯುವ ತನಕ ಮೂರು ದಿನ
ಪುಸ್ತಕದಲ್ಲಿ ಸಹಿ ಹಾಕಿದೆ, ಹೊಸಬಳಂತೆ.

ಅತ್ತೆಗೆ ಹವಳ ಎಂದರೆ ಕಲ್ಲು.
ಉಂಗುರದ ಬೆರಳಲ್ಲಿ ಒಂದಿದೆ, ಕುಜನ ಶಾಂತಿಗೆ,
ಅವೆನ್ಯೂ ರಸ್ತೆಯಲ್ಲಿ ತೂಗಿಸಿ ಕೊಂಡದ್ದು.
ನಿನ್ನೆ ರಾತ್ರಿ ದೀಪವಾರಿದ ಮೇಲೆ ಕರೆದು ತೋರಿಸಿದೆ.
ಮೂರನೇ ಅಂಟಿಗೆ ಒಂಬತ್ತು ವಾರ. ಬುಡದಿಂದ
ನೇರಳೆ ಚರ್ಮ ಹರಿದು, ಎಪಾಕ್ಸಿ ದಾಟಿ, ಕಲ್ಲು ಹತ್ತಿದೆ;
ಬೆಸುಗೆ ಎಲ್ಲಿತ್ತೆಂದು ಹಾಕಿದವಳಿಗೇ ತಿಳಿಯದು.
ಕೆಂಪು ಟಾರ್ಚಿನಲ್ಲಿ ನೂರು ಬಾಯಿ ತೆರೆದಿದ್ದವು,
ಸಾಸಿವೆಗಿಂತ ಸಣ್ಣವು,
ಒಂದರಲ್ಲೂ ಹಲ್ಲಿಲ್ಲ.

ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಬಗ್ಗಿದ್ದರು.
ಉಂಗುರದ ಕೈ ಯಾವಾಗಲೋ ಸೆರಗಿನೊಳಗೆ ಹೋಗಿತ್ತು.
"ಇದಕ್ಕೆ ಊಟ ಆಯ್ತೇನೇ?" ಅಂದರು.

ಇನ್ನೂ ಇಲ್ಲ ಅಂದೆ.
ಮೋಟಾರು ಆರಿಸಲು ಎದ್ದೆ.